ಬಡ್ಡಿಯ ಬಿಸಿಲು

ನನ್ನ ಬಾಯಿ ಕೆಟ್ಟದ್ದು ಅಂತ ಊರೆಲ್ಲ ಹೇಳುತ್ತದೆ, ಸುಳ್ಳಲ್ಲ. ಆದರೆ ನನ್ನ ಹಪ್ಪಳ ಕೆಟ್ಟದ್ದು ಅಂತ ಇವತ್ತಿನವರೆಗೆ ಹೇಳಿದವಳು ಒಬ್ಬಳೇ, ಗಾಣದ ಮುರಿಗೆವ್ವ. ನಾಲ್ಕು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ, ಹತ್ತು ಹೆಂಗಸರ ಎದುರಿಗೆ, "ತುಳಜವ್ವನ ಹಪ್ಪಳ ನೆರಳಾಗ ಒಣಗಿದ್ದು" ಅಂದುಬಿಟ್ಟಳು. ಬೇರೆ ಊರಲ್ಲಾದರೆ ಇದೇನು ಮಹಾ ಮಾತು ಅನ್ನಬಹುದು. ನಮ್ಮೂರಲ್ಲಿ ಹಾಗಲ್ಲ. ಇಲ್ಲಿ ಒಬ್ಬರ ಮೇಲೆ ಸಿಟ್ಟು ಬಂದರೆ 'ನಿನ್ನ ಮನಿ ನೆರಳಾಗ ಒಣಗಲಿ' ಅಂತಲೇ ಬೈಯುವುದು. ಅವತ್ತಿನಿಂದ ನಾನು ಅವಳ ಬಾಗಿಲ ಮುಂದೆ ಹಾಯುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಹೋದವಳು. ಅಂಥವಳ ಬಿಸಿಲಿನ ಬಡ್ಡಿ ನನ್ನ ಮಡಿಲಿಗೆ ಬಂದು ಬಿತ್ತು. ಅದನ್ನು ನಾನೇನು ಮಾಡಿದೆ ಅನ್ನುವುದನ್ನು ನನ್ನ ಬಾಯಿಂದಲೇ ಕೇಳಿ. ಬೇರೆಯವರು ಹೇಳಿದರೆ ಉಪ್ಪು ಖಾರ ಹೆಚ್ಚಾಗುತ್ತದೆ.

ನಮ್ಮೂರಿಗೆ ಬಿಸಿಲು ಬರುವುದು ದಿನಕ್ಕೆ ಎರಡೇ ತಾಸು. ಎರಡು ಗುಡ್ಡಗಳ ನಡುವೆ ಹಣಕಿ ಹಾಕಿ, ನಿಂತ ಕಾಲಲ್ಲೇ ಹೊರಡುವ ಬೀಗನ ಹಾಗೆ ಹೊರಟುಬಿಡುತ್ತದೆ. ಅದಕ್ಕೇ ನಾವು ಉಳಿಸುವುದು. ಮಗ್ಗದ ಬಿಳಿ ದುಪ್ಪಟಿಯನ್ನು ಅಂಗಳದಲ್ಲಿ ಹಾಸಿ, ಬಿಸಿಲು ತುಂಬಿದ ಮೇಲೆ ನಾಲ್ಕು ಮಡಿಕೆ ಮಾಡಿ, ತುದಿ ಕಟ್ಟಿ ಬ್ಯಾಂಕಿಗೆ ಒಯ್ದು ಇಡುತ್ತೇವೆ. ಬೇಕಾದಾಗ ತಂದು ಹಾಸಿದರಾಯಿತು. ಮೇಲೆ ಎಷ್ಟೇ ಮೋಡ ಕವಿದಿರಲಿ, ದುಪ್ಪಟಿಯ ಮೇಲೆ ಮಾತ್ರ ಅವತ್ತಿನ ಬಿಸಿಲು ಬಿದ್ದಿರುತ್ತದೆ. ಅವತ್ತು ಅದರ ಮೇಲೆ ಕಾಗೆ ಹಾರಿ ಹೋಗಿದ್ದರೆ ಕಾಗೆಯ ನೆರಳೂ ಹಾರಿ ಹೋಗುತ್ತದೆ. ತಾಸು ಮುಗಿದರೆ ಮುಗಿಯಿತು, ಬರೀ ಬಟ್ಟೆ. ಐವತ್ತೆರಡು ವರ್ಷದಿಂದ ನೋಡುತ್ತಾ ಬಂದಿದ್ದೇನೆ, ಈಗಲೂ ಮೊದಲ ಮಡಿಕೆ ಬಿಚ್ಚುವಾಗ ಕೈಗೆ ಬೆಚ್ಚಗೆ ತಗಲಿದರೆ ಮೈ ಜುಮ್ಮೆನ್ನುತ್ತದೆ.

ಬ್ಯಾಂಕಿನ ಒಳಕೋಣೆಯನ್ನು ನೀವು ನೋಡಬೇಕು. ನೆಲದಿಂದ ಮಾಡಿನವರೆಗೆ ಹಲಗೆಗಳು, ಹಲಗೆಗಳ ತುಂಬ ಬಿಳಿ ದುಪ್ಪಟಿಗಳು. ಒಳಗೆ ಕಾಲಿಟ್ಟರೆ ಆಗತಾನೇ ರೊಟ್ಟಿ ಬೇಯಿಸಿ ಮುಗಿಸಿದ ಅಡುಗೆಮನೆಯ ಬಿಸುಪು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ನಾನು ಕೂಡ. ಅದನ್ನು ಕಾಯುವ ಗುಮಾಸ್ತ ಅಂದಾನಪ್ಪನಿಗೆ ವರ್ಷಗಟ್ಟಲೆ ಬೆಳಕು ನೋಡಿ ನೋಡಿ ಕಣ್ಣು ಮಂಜಾಗಿದೆ. ಅವನು ಯಾರ ದುಪ್ಪಟಿ ಅಂತ ಗುರುತಿಸುವುದು ಬೆರಳಿನಿಂದ. ಮನೆಗೊಂದು ಲೆಕ್ಕದಂತೆ ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಇರುತ್ತದೆ. ನಮ್ಮ ಮನೆಯದು ಐದು ಹೊಲಿಗೆ. ಪಕ್ಕದ ಓಣಿಯ ಗಾಣದವರದು ಆರು. ಇಟ್ಟ ಬಿಸಿಲಿಗೆ ಬಡ್ಡಿಯೂ ಉಂಟು, ತಾಸಿಗೆ ವರ್ಷಕ್ಕೆ ಹತ್ತು ನಿಮಿಷ. ಅಸಲು ಹೊರಗೆ ಹೋದ ದಿನ ಬಡ್ಡಿಯನ್ನು ಬ್ಯಾಂಕಿನವರು ತಮ್ಮದೇ ಚಿಕ್ಕ ಬಟ್ಟೆಯಲ್ಲಿ ಮಡಿಸಿ, ಖಾತೆದಾರರ ಹೊಲಿಗೆ ಹಾಕಿ ಇಡುತ್ತಾರೆ. ಬಟ್ಟೆ ಟವೆಲ್ಲಿನಷ್ಟೇ ಅಗಲ. ಬಡ್ಡಿಯ ಬಿಸಿಲು ಕಪಾಟಿನೊಳಗೇ ಹುಟ್ಟಿದ್ದು, ಯಾವ ದಿನವನ್ನೂ ಕಂಡಿಲ್ಲ, ಅದಕ್ಕೆ ಅದರಲ್ಲಿ ನೆರಳೇ ಇರುವುದಿಲ್ಲ. ಇದು ಊರಿಗೆಲ್ಲ ಗೊತ್ತಿರುವ ಮಾತು.

ಈ ಸಲ ಪುಷ್ಯದಲ್ಲಿ ಮಂಜು ಬಿದ್ದದ್ದು ಏಳಲೇ ಇಲ್ಲ. ಇಪ್ಪತ್ತು ದಿನ. ಎದುರುಮನೆಯ ಬಾಗಿಲು ಕಾಣದು. ಎಲ್ಲರೂ ಬ್ಯಾಂಕಿಗೆ ಓಡಿದರು, ಜೋಳಕ್ಕೆ, ಬಾಣಂತಿಯರಿಗೆ, ಮುದುಕರ ಮೊಣಕಾಲಿಗೆ. ಹಲಗೆಗಳು ಬರಿದಾದವು. ನನ್ನದೂ ಬಡ್ಡಿ ಸೇರಿ ಎರಡು ತಾಸಿತ್ತು. ಒಂದು ಮದುವೆಯ ಮನೆಗೆ ಎಂಟುನೂರು ಹಪ್ಪಳ ಒಪ್ಪಿಕೊಂಡಿದ್ದೆ, ಎರಡನ್ನೂ ತಂದು ಒಣಗಿಸಿ ಕೊಟ್ಟೆ. ಅದರ ಮರುದಿನವೇ ನನ್ನ ಮಗಳು ಕಸ್ತೂರಿಯ ಕೂಸಿನ ಕಣ್ಣು ಹಳದಿಯಾದದ್ದು ಕಂಡಿತು. ಹುಟ್ಟಿ ಒಂಬತ್ತು ದಿನದ ಗಂಡುಕೂಸು. ಕಣ್ಣಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿದು, ಹದಿನೆಂಟನೇ ದಿನ ಅಂಗಾಲೂ ಹಳದಿಯಾಯಿತು. ಅಳುವುದನ್ನು ಬಿಟ್ಟಿತು. ಮೊಲೆ ಬಾಯಿಗಿಟ್ಟರೆ ಹಾಗೇ ನಿದ್ದೆ. ಸೂಲಗಿತ್ತಿ ಪಾದ ಹಿಡಿದು ನೋಡಿ, "ಅರ್ಧ ತಾಸರೆ ಬರಿಮೈಗಿ ಬಿಸಲು ಬೀಳಬೇಕು, ಒಂದ ಸಲಕ್ಕ. ನಾಳಿ ಅನ್ನಬ್ಯಾಡ್ರಿ" ಅಂದು, ನನ್ನ ಮುಖ ನೋಡದೆ ಹೊರಟುಹೋದಳು. ಮೂಲೆಯಲ್ಲಿ ಮಿಕ್ಕ ಹಪ್ಪಳದ ಬುಟ್ಟಿ ಇತ್ತು. ಗರಿಗರಿಯಾಗಿ ಒಣಗಿದ್ದವು. ನಾನು ಆ ಬುಟ್ಟಿಯನ್ನು ಕಾಲಿಂದ ಒದ್ದೆ.

ನಾಲ್ಕು ಓಣಿ ಸುತ್ತಿದೆ. ಕೊಡುವುದಿಲ್ಲ ಅಂದವರು ಒಬ್ಬರೂ ಇಲ್ಲ, ಇದ್ದರೆ ತಾನೇ ಕೊಡುವುದು. ಕಡೆಗೆ ಏನೂ ಇಲ್ಲ ಅಂತ ಗೊತ್ತಿದ್ದೂ ಬ್ಯಾಂಕಿಗೆ ಹೋದೆ. ಒಳಕೋಣೆ ತಣ್ಣಗಿತ್ತು. ಅದು ತಣ್ಣಗಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ತುಳಜವ್ವ ಏನು? ನಿನ್ನ ದಾರೀನ ನೋಡಾಕತ್ತಿದ್ದೆ" ಅಂದ ಅಂದಾನಪ್ಪ. "ನಿನ್ನ ಹೆಸರಿಲೆ ಒಂದು ತಾಸು ಐತಿ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. "ನಾ ಇಟ್ಟಿದ್ದೆಲ್ಲಾ ಒಯ್ದೇನಲ್ಲೋ ಮಾರಾಯ."

"ಇಟ್ಟಿದ್ದು ನೀ ಅಲ್ಲ" ಅಂತ ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಆರು ವರ್ಷದ ಹಿಂದೆ ಗಾಣದ ಮುರಿಗೆವ್ವ ಒಂದು ತಾಸು ತಂದು ಇಟ್ಟಿದ್ದಳಂತೆ. ಅವಳ ದುಪ್ಪಟಿಯ ಆರನೇ ಹೊಲಿಗೆ ಒಗೆದು ಒಗೆದು ಕಿತ್ತುಹೋಗಿತ್ತು. ಇವನ ಬೆರಳಿಗೆ ಸಿಕ್ಕಿದ್ದು ಐದು. ಸೀದಾ ನನ್ನ ಹಲಗೆಯ ಮೇಲಿಟ್ಟುಬಿಟ್ಟ. ನನಗೆ ಬೇಕಾದಾಗೆಲ್ಲ ಮುಂದಿನದನ್ನು ತೆಗೆದು ಕೊಟ್ಟ, ಹಿಂದಿನದು ಹಿಂದೆಯೇ ಉಳಿಯಿತು. ಕಳೆದ ವಾರ ಮುರಿಗೆವ್ವ ಬಂದು ಕೇಳಿದಳು. ಇವನು ಹುಡುಕಿ ಹುಡುಕಿ, ಕಡೆಗೆ ಒಂದು ದುಪ್ಪಟಿಯ ಮೂಲೆಯಲ್ಲಿ ಐದು ಹೊಲಿಗೆಯ ಪಕ್ಕ ದಾರವಿಲ್ಲದ ಎರಡು ಸೂಜಿತೂತು ಮುಟ್ಟಿ ತಿಳಿದುಕೊಂಡ. ಅಸಲು ಅವಳಿಗೆ ಹೋಯಿತು. ಆದರೆ ಅಷ್ಟರಲ್ಲಿ ಒಳಗಿನವರು ಆರು ವರ್ಷದ ಬಡ್ಡಿಯನ್ನು ಮಡಿಸಿ ಐದು ಹೊಲಿಗೆ ಹಾಕಿಯಾಗಿತ್ತು.

"ಹಂಗಾದ್ರ ಬಿಚ್ಚಿ ಆರು ಹಾಕ್ರಿ."

"ಬ್ಯಾಂಕು ಹಾಕಿದ ಹೊಲಿಗಿ ಬ್ಯಾಂಕು ಬಿಚ್ಚಂಗಿಲ್ಲ. ಕಾಯಿದೆ. ಯಾರ ಹೊಲಿಗಿ ಐತಿ ಅವರು ಒಯ್ಯಬೇಕು. ಮುಂದಿಂದು ನೀವ್ ನೀವ ಬಗಿಹರಿಸ್ಕೊರಿ."

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು ನಿನ್ನ ಕಾಯಿದೆ" ಅಂದೆ. ಆದರೆ ಕೈ ಆಗಲೇ ಚಾಚಿತ್ತು. "ಆಕಿಗೆ ಗೊತ್ತೈತೇನು, ಬಡ್ಡಿ ಐತಿ ಅಂತ?"

"ಕೇಳಲಿಲ್ಲ. ದುಪ್ಪಟಿ ಎದಿಗೆ ಅಪ್ಪಿಕೊಂಡು ಹೋದ್ಲು, ಹಿಂದ ನೋಡಲಿಲ್ಲ" ಅಂದ ಅಂದಾನಪ್ಪ. ಆ ಚಿಕ್ಕ ಬಟ್ಟೆಯನ್ನು ನನ್ನ ಮಡಿಲಲ್ಲಿಟ್ಟ. ಕೈಗೆ ಬೆಚ್ಚಗೆ ತಗಲಿತು.

ದಾರಿಯುದ್ದಕ್ಕೂ ನಾನು ನನ್ನ ಜೊತೆಗೇ ವಾದ ಮಾಡಿದೆ. ಕದ್ದದ್ದಲ್ಲ. ಬ್ಯಾಂಕೇ ಕೊಟ್ಟದ್ದು. ಇಪ್ಪತ್ತು ದಿನದ ಮಂಜಿನಲ್ಲಿ ಉಳಿದ ಒಂದೇ ಒಂದು ತಾಸು, ಅದೂ ನನ್ನ ಮನೆಯ ಹೊಲಿಗೆ ಹಾಕಿಕೊಂಡು ಬಂದಿದೆ ಅಂದರೆ ದೇವರು ಇದಕ್ಕಿಂತ ಬಾಯಿ ಬಿಟ್ಟು ಹೇಳಬೇಕೇ. ಅದೂ ಯಾರದ್ದು, ನನ್ನ ಹಪ್ಪಳಕ್ಕೆ ನೆರಳು ಅಂಟಿಸಿದವಳದ್ದು. ಮನೆಗೆ ಬಂದಾಗ ಕಸ್ತೂರಿ ಕೂಸಿನ ಅಂಗಾಲಿಗೆ ಚಿವುಟುತ್ತಾ ಕೂತಿದ್ದಳು, ಅಳಲಿ ಅಂತ. ಅದು ಅಳುತ್ತಿರಲಿಲ್ಲ. ನಾನು ವಿಷಯ ಹೇಳಿದೆ.

"ಹಾಸು ಯವ್ವಾ. ಆಮ್ಯಾಲೆ ಕೇಳಿದರಾತು" ಅಂದಳು ಮಗಳು.

ನಾನು ಪಡಸಾಲೆಯಲ್ಲಿ ಕೂತು ಗಂಟು ಬಿಚ್ಚಿದೆ. ಸತ್ಯ ಹೇಳುತ್ತೇನೆ, ನನಗೆ ಆಗ ಮುರಿಗೆವ್ವನ ನೆನಪೂ ಇರಲಿಲ್ಲ. ಒಂದು ಮೂಲೆಯನ್ನು ತೆಗೆದು ನೆಲದ ಮೇಲೆ ಹರವಿದೆ. ಬಂಗಾರದಂಥ ಬಿಸಿಲು, ರೊಟ್ಟಿಯಷ್ಟು ಅಗಲ. ಆ ಬಿಸಿಲಿನ ನಡುವೆ ಒಂದು ಕೈಯ ನೆರಳು. ಬಡ್ಡಿಯ ಬಿಸಿಲಿನಲ್ಲಿ ನೆರಳು. ನಾನು ಮೇಲೆ ನೋಡಿದೆ, ನನ್ನ ಕೈ ನೋಡಿಕೊಂಡೆ, ಕಸ್ತೂರಿ ದೂರದಲ್ಲಿದ್ದಳು. ಆ ಕೈ ತಲೆಗೆ ಸುತ್ತುವ ರುಮಾಲಿನ ಕಡೆಯ ಸೆರಗನ್ನು ಹಿಡಿದು ನಿಧಾನಕ್ಕೆ ಸುತ್ತುತ್ತಿತ್ತು. ಅದಕ್ಕೆ ಮೂರೇ ಬೆರಳು.

ಮೂರು ಬೆರಳಿನ ಕೈ ನಮ್ಮೂರಲ್ಲಿ ಒಂದೇ ಇದ್ದದ್ದು. ಮುರಿಗೆವ್ವನ ಗಂಡ ಹಾಲಪ್ಪನದು, ಎರಡು ಬೆರಳನ್ನು ಗಾಣ ತಿಂದಿತ್ತು. ಅವನು ಸತ್ತು ಆರು ವರ್ಷವಾಗಿತ್ತು.

ಬಟ್ಟೆಯನ್ನು ಮಡಿಸಿ ಗಂಟು ಹಾಕಿದೆ. ಕಸ್ತೂರಿ ನನ್ನನ್ನು ನೋಡಿದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಈಗ ಬರ್ತೇನವಾ, ಕೂಸಿನ ಮೈ ಬೆಚ್ಚಗಿಡು" ಅಂದು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು, ನಾಲ್ಕು ವರ್ಷದಿಂದ ಮುಖ ತಿರುಗಿಸಿಕೊಂಡು ಹಾಯುತ್ತಿದ್ದ ಆ ಬಾಗಿಲಿಗೆ ಹೋಗಿ ನಿಂತೆ.

ಆ ಹಾಲಪ್ಪನ ವಿಷಯ ಸ್ವಲ್ಪ ಹೇಳಬೇಕು. ಮುರಿಗೆವ್ವ ಅಂಗಳದಲ್ಲಿ ದುಪ್ಪಟಿ ಹಾಸಿದಳೋ ಇಲ್ಲವೋ, ಅವನು ಬಂದು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ರುಮಾಲು ಬಿಚ್ಚಿ ಸುತ್ತಲು ಶುರು ಮಾಡುತ್ತಿದ್ದ. ನೆರಳೆಲ್ಲ ದುಪ್ಪಟಿಯ ಮೇಲೆ. "ಸರಕೊಳ್ರಿ ಅತ್ಲಾಗ, ಬಿಸಲಿಗಿ ಅಡ್ಡ ಕುಂತೀರಿ" ಅಂತ ಅವಳು ಕೂಗುವುದು ನಮ್ಮ ಓಣಿಗೂ ಕೇಳುತ್ತಿತ್ತು. ದಿನಾ ಅದೇ ಮಾತು, ದಿನಾ ಅವನು ಸರಿಯುತ್ತಿರಲಿಲ್ಲ. ಎರಡು ತಾಸಿನ ಊರಲ್ಲಿ ಗಂಡ ಒಂದು ತಾಸನ್ನು ಬೆನ್ನಿಗೇ ಬಳಿದುಕೊಂಡರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ. ನಾವೆಲ್ಲ ನಗುತ್ತಿದ್ದೆವು. 'ಹಾಲಪ್ಪ ಸರದಾಗ' ಅಂದರೆ ನಮ್ಮಲ್ಲಿ ಎಂದೂ ಆಗದ ಕೆಲಸ ಅಂತಲೇ ಅರ್ಥ.

ಮುರಿಗೆವ್ವ ಬಾಗಿಲು ತೆಗೆದಳು. ಹಿಂದೆ ಪಡಸಾಲೆಯ ನೆಲದ ಮೇಲೆ ದುಪ್ಪಟಿ ಹಾಸಿಯೇ ಇತ್ತು, ಮುಗಿದುಹೋದ ಬರೀ ಬಟ್ಟೆ. ಅವಳು ಅದನ್ನು ಮಡಿಸಿರಲಿಲ್ಲ.

"ಇದು ನಿಂದು" ಅಂತ ಬಟ್ಟೆ ಚಾಚಿದೆ. ಬ್ಯಾಂಕಿನ ತಪ್ಪು, ಹೊಲಿಗೆಯ ಕಥೆ ಎಲ್ಲ ಹೇಳಿದೆ. "ಒಂದು ಮೂಲಿ ಬಿಚ್ಚಿ ನೋಡಿದೆ, ಅದು ನನ್ನ ತಪ್ಪು. ಒಳಗ ನಿಮ್ಮವರ ಕೈ ಐತಿ."

"ಬಡ್ಡಿಯಾಗ ನೆರಳು ಇರಂಗಿಲ್ಲ" ಅಂದಳು.

"ಇಲ್ಲಂತ ನನಗೂ ಗೊತ್ತು. ಐತಿ. ರುಮಾಲಿನ ಕಡೀ ಸುತ್ತು ಸುತ್ತಾಕತ್ತಾರ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೆರಳು ಇದೆ ಅಂದದ್ದಕ್ಕಲ್ಲ, ಕಡೆಯ ಸುತ್ತು ಅಂದದ್ದಕ್ಕೆ. ಆಮೇಲೆ ಅವಳೇ ಹೇಳಿದಳು, ನಿಂತಲ್ಲೇ, ನನಗಲ್ಲ ಅನ್ನುವ ಹಾಗೆ. ಆ ದುಪ್ಪಟಿ ಅವನು ತೀರಿಕೊಂಡ ವಾರದ್ದು. ಅವತ್ತೂ ಅಡ್ಡ ಕೂತಿದ್ದ, ಅವತ್ತೂ ಕೂಗಿದ್ದಳು, ಸಿಟ್ಟಿಗೆ ನೆರಳು ಸಮೇತ ಮಡಿಸಿ ಬ್ಯಾಂಕಿಗೆ ಒಯ್ದಿದ್ದಳು. ಐದನೇ ದಿನಕ್ಕೆ ಅವನು ಹೋದ. ಆರು ವರ್ಷ ಬಿಚ್ಚುವ ಧೈರ್ಯ ಆಗಲಿಲ್ಲ. ಮೊನ್ನೆ ಆಯಿತು. "ತಾಸು ಪೂರ್ತಿ ಬೆನ್ನು ಹಾಕ್ಕೊಂಡ ಕುಂತಿದ್ರು. ಸುತ್ತತಾರ, ಬಿಚ್ಚತಾರ, ಮತ್ತ ಸುತ್ತತಾರ. ಈಗರೆ ಹೊಳ್ಳಿ ನೋಡತಾರೇನೋ, ಈಗರೆ ನೋಡತಾರೇನೋ ಅಂತ ಕುಂತೆ. ಕಡೀ ಸುತ್ತಿಗಿ ಕೈ ಎತ್ತಿದ್ರು. ತಾಸು ಮುಗೀತು."

ನನಗೆ ಆಗ ಅರ್ಥವಾಯಿತು. ಅಸಲಿನಲ್ಲಿ ಅವತ್ತು ಆದದ್ದು ಇತ್ತು. ಬಡ್ಡಿಯಲ್ಲಿ ಅದರ ಮುಂದಿನದು ಇದೆ. ಯಾರೂ ಕಾಣದ, ಯಾವ ಅಂಗಳದಲ್ಲೂ ನಡೆಯದ ಒಂದು ತಾಸು. ಕತ್ತಲೆಯ ಕಪಾಟಿನಲ್ಲಿ ಆರು ವರ್ಷ ಆ ಮನುಷ್ಯ ತನ್ನ ಪಾಡಿಗೆ ತಾನು ಮುಂದುವರಿದಿದ್ದ.

ನಾನು ಹೊರಟೆ. ಕೂಸಿಗೆ ಅರ್ಧ ತಾಸು ಕೇಳಬೇಕು ಅಂತ ಬಂದಿದ್ದೆ, ಕೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ, ಅದಕ್ಕೆ. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕರೆದಳು.

"ತುಳಜವ್ವ. ಬರಿಗಾಲಿಲೆ ಬಂದೀಯಲ್ಲ. ಕೂಸು ಹೆಂಗೈತಿ?"

"ಅಂಗಾಲಿಗಿ ಇಳದೈತಿ" ಅಂದೆ. ಅಲ್ಲೇ ನಿಂತು ಅತ್ತೆ. ಅತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ.

ಅವಳು ಬಟ್ಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಬಂದು ಬಾಗಿಲು ಎಳೆದಳು. "ನಡಿ. ಕೂಸಿನ ಮೈಮ್ಯಾಲೆ ಬಿಸಲು ಬೀಳಲಿ, ನಾನೂ ನೋಡ್ತೀನಿ. ಎರಡೂ ಆಗತೈತಿ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದು ಇದಕ್ಕೇ ಅಂದುಕೊಂಡೆ. ಇಬ್ಬರೂ ಮಂಜಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೋದೆವು, ದಾರಿ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ಚಾಪೆಯ ಮೇಲೆ ಬಟ್ಟೆ ಹಾಸಿದವಳು ಮುರಿಗೆವ್ವನೇ. ನಾಲ್ಕನೇ ಮಡಿಕೆ ಬಿಚ್ಚಿದಾಗ ಅದು ಕೂಸಿನ ಕುಂಚಿಗೆಗಿಂತ ತುಸು ದೊಡ್ಡದಾಯಿತು. ಸುತ್ತ ಬೂದಿಯಂಥ ಮಂಜು, ನಡುವೆ ಅಷ್ಟಗಲ ಬೇಸಿಗೆ. ಕಸ್ತೂರಿ ಕೂಸಿನ ಬಟ್ಟೆ ತೆಗೆದು ಅದರ ಮೇಲೆ ಮಲಗಿಸಿದಳು. ಮಲಗಿಸಿದ ಕೂಡಲೇ ನಾವು ಮೂವರೂ ಕಂಡೆವು. ಬಟ್ಟೆ ಚಿಕ್ಕದು, ಹಾಲಪ್ಪ ದೊಡ್ಡವನು. ಅವನ ಬೆನ್ನು, ಭುಜ, ರುಮಾಲಿನ ತಲೆ ಬಟ್ಟೆಯ ತುಂಬ ಕೂತಿತ್ತು. ಅಂಚಿನಲ್ಲಿ ಮಾತ್ರ ಬೆರಳಗಲ ಬಿಸಿಲು. ಕೂಸು ಪೂರ್ತಿ ಅವನ ನೆರಳಿನಲ್ಲಿ ಮಲಗಿತ್ತು.

ಕಸ್ತೂರಿ ಕೂಸನ್ನು ಆಚೆ ಈಚೆ ಸರಿಸಿ ನೋಡಿದಳು. ಎಲ್ಲಿ ಸರಿಸಿದರೂ ನೆರಳೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಕಣ್ಣೆದುರಿಗೇ ಆಗುತ್ತಿತ್ತು. ಹತ್ತು ನಿಮಿಷ ಹೋಯಿತು. ಮುರಿಗೆವ್ವ ಮಂಡಿಯೂರಿ ಕೂತು ನೆರಳನ್ನೇ ನೋಡುತ್ತಿದ್ದಳು. ಮೂರು ಬೆರಳು ಕಡೆಯ ಸೆರಗನ್ನು ರುಮಾಲಿನ ಒಳಗೆ ಸಿಕ್ಕಿಸಿದವು. ಕೈ ಕೆಳಗಿಳಿಯಿತು. ಇಪ್ಪತ್ತು ನಿಮಿಷವಾಗಿರಬೇಕು. ಇನ್ನು ಸ್ವಲ್ಪ ಹೋದರೆ ಅರ್ಧ ತಾಸು ಉಳಿಯುವುದಿಲ್ಲ. ಮುರಿಗೆವ್ವನಿಗೆ ಏನಂತ ಹೇಳಲಿ, ನಿನ್ನ ಗಂಡನನ್ನು ಎಬ್ಬಿಸು ಅಂತಲೇ? ರುಮಾಲಿನ ತಲೆ ನಿಧಾನಕ್ಕೆ ಹೊರಳತೊಡಗಿತು. ನೆರಳಿನ ಅಂಚಿನಲ್ಲಿ ಮೂಗಿನ ತುದಿ ಕಂಡಿತು.

ಮುರಿಗೆವ್ವ ಆಗ ಕೂಸಿನ ಕಡೆ ನೋಡಿದಳು. ಅದರ ಹಳದಿ ಅಂಗಾಲನ್ನು ಒಂದು ಬೆರಳಿನಿಂದ ಮುಟ್ಟಿದಳು. ನೆರಳಿನ ಕಡೆ ತಿರುಗಿ, ಕೂಗಲಿಲ್ಲ, ಎಂದೂ ಆಡದಷ್ಟು ಮೆಲ್ಲಗೆ ಹೇಳಿದಳು.

"ಸರಕೊಳ್ರಿ ಅತ್ಲಾಗ. ಕೂಸಿನ ಬಿಸಲಿಗಿ ಅಡ್ಡ ಕುಂತೀರಿ."

ಹೊರಳುತ್ತಿದ್ದ ತಲೆ ನಿಂತಿತು. ನಾನು ನಿಮ್ಮಾಣೆ ಸುಳ್ಳು ಹೇಳುವುದಿಲ್ಲ, ಕಸ್ತೂರಿ ಇದ್ದಾಳೆ, ಕೇಳಿ ನೋಡಿ. ಆ ನೆರಳು ಮೊಣಕಾಲಿಗೆ ಕೈಕೊಟ್ಟು, ಮುದುಕರು ಏಳುವ ಹಾಗೆ ಎರಡು ಸಲ ತಡವರಿಸಿ ಎದ್ದು ನಿಂತಿತು. ಒಮ್ಮೆ ಪೂರ್ತಿ ಹೊಳ್ಳಿತು. ಮೂಗು, ಮೀಸೆ, ಗದ್ದ, ಹಾಲಪ್ಪನದೇ. ಬಗ್ಗಿತು. ಮೂರು ಬೆರಳಿನ ನೆರಳು ಕೂಸಿನ ನೆತ್ತಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಟ್ಟೆಯ ಅಂಚು ದಾಟಿ ಹೋಯಿತು. ಅಂಚಿನ ಆಚೆ ಮಂಜಿತ್ತು, ಮತ್ತೇನೂ ಇರಲಿಲ್ಲ.

ಬಟ್ಟೆಯ ತುಂಬ ಬಿಸಿಲು. ಕೂಸಿನ ಹೊಟ್ಟೆ, ತೊಡೆ, ಅಂಗಾಲು, ಎಲ್ಲಾ ಬಿಸಿಲು. ಅದು ಕಣ್ಣು ಕಿರಿದು ಮಾಡಿತು, ಮುಖ ಸೊಟ್ಟ ಮಾಡಿತು, ಎರಡು ದಿನದ ಮೇಲೆ ಮೊದಲ ಸಲ ಅತ್ತಿತು. ಕಸ್ತೂರಿ ಅದರ ಪಕ್ಕದಲ್ಲೇ ಮಲಗಿ ಮೊಲೆ ಕೊಟ್ಟಳು, ಗಟಗಟ ಕುಡಿಯಿತು. ಮೂವತ್ತೈದು ನಿಮಿಷ. ನಾವಿಬ್ಬರೂ ಆ ಕಡೆ ಈ ಕಡೆ ಕೂತು ಗಾಳಿಯಿಂದ ಮಂಜು ಬಾರದ ಹಾಗೆ ಸೀರೆ ಹಿಡಿದಿದ್ದೆವು. ಮುರಿಗೆವ್ವ ಆ ಅಂಚನ್ನೇ ನೋಡುತ್ತಿದ್ದಳು. ಅವನು ಮರಳಿ ಬರಲಿಲ್ಲ.

ಕೂಸಿಗೆ ಈಗ ಎಂಟು ತಿಂಗಳು, ಯಾರು ಕೈ ಚಾಚಿದರೂ ಹೋಗುತ್ತದೆ. ಮುರಿಗೆವ್ವನ ದುಪ್ಪಟಿಗೆ ಆರನೇ ಹೊಲಿಗೆ ಹಾಕಿಕೊಟ್ಟವಳು ನಾನೇ. ನಮ್ಮ ಓಣಿಯ ಮಂದಿ 'ಹಾಲಪ್ಪ ಸರದಾಗ' ಅನ್ನುವುದನ್ನು ಬಿಟ್ಟಿದ್ದಾರೆ. ಆದರೆ ನನಗೆ ನೆನಪಿರುವುದು ಅವತ್ತಿನದು. ತಾಸು ಮುಗಿದು, ಬಟ್ಟೆ ಬರೀ ಬಟ್ಟೆಯಾದ ಮೇಲೆ, ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಏನಾದರೂ ಹೇಳಬೇಕಿತ್ತು. "ಮುರಿಗೆವ್ವ, ನಿನ್ನದನ್ನೆಲ್ಲಾ ಕಳದೆ" ಅಂದೆ.

ಅವಳು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಮೂವತ್ತೆಂಟು ವರ್ಷ ಸರಕೊಳ್ರಿ ಅಂದೇನಿ ತುಳಜವ್ವ, ಒಂದಿನಾನೂ ಸರೀಲಿಲ್ಲ" ಅಂದಳು. "ಇವತ್ತ ಸರದ್ರು ನೋಡು."